ಕಪಿಲೆಯ ದಡದಲ್ಲಿ ಸಂವಿಧಾನ

ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ರಾಜಕೀಯದ ಜೊತೆಗೇ ಸಾಗುವ ಸರ್ಕಾರದ ಪಾಠ

2016ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಪುಟ ಪುನರ್‌ರಚಿಸಿದರು. ಕಂದಾಯ ಸಚಿವರಾಗಿದ್ದ ನಂಜನಗೂಡು ಶಾಸಕ ವಿ. ಶ್ರೀನಿವಾಸ ಪ್ರಸಾದ್ ಮಂತ್ರಿ ಪದವಿ ಕಳೆದುಕೊಂಡರು. ಅಕ್ಟೋಬರ್‌ನಲ್ಲಿ ಶಾಸಕ ಸ್ಥಾನಕ್ಕೂ ರಾಜೀನಾಮೆ ಕೊಟ್ಟು, ಆಮೇಲೆ ಬಿಜೆಪಿ ಸೇರಿದರು. 2017ರ ಏಪ್ರಿಲ್ 9ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಕಳಲೆ ಕೇಶವಮೂರ್ತಿ ಅವರನ್ನು 21 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

ಊರ ಜಗಲಿಗಳಲ್ಲಿ ಇದು ಇಬ್ಬರು ಹಿರಿಯ ನಾಯಕರ ಸ್ವಾಭಿಮಾನದ ಜಗಳವೆಂದೇ ಚರ್ಚೆಯಾಯಿತು. ಆ ಹತ್ತು ತಿಂಗಳನ್ನು ಬಿಡಿಸಿ ನೋಡಿದರೆ ಸಾಂವಿಧಾನಿಕ ಸರ್ಕಾರ ನಡೆಯುವ ಬಗೆಯೇ ಅಲ್ಲಿ ಕಾಣುತ್ತದೆ.

ಸಚಿವರನ್ನು ನೇಮಿಸುವವರು ರಾಜ್ಯಪಾಲರು, ಆದರೆ ಮುಖ್ಯಮಂತ್ರಿಯ ಸಲಹೆಯಂತೆ. ಇದು 164ನೇ ವಿಧಿ. ಮುಖ್ಯಮಂತ್ರಿಯೂ ಮನಸ್ಸಿಗೆ ಬಂದಷ್ಟು ಜನರನ್ನು ಮಂತ್ರಿ ಮಾಡುವಂತಿಲ್ಲ. 2003ರ 91ನೇ ತಿದ್ದುಪಡಿಯ ಪ್ರಕಾರ ಸಂಪುಟ ಸದನದ ಶೇ 15ನ್ನು ಮೀರಬಾರದು. 224 ಸದಸ್ಯರ ನಮ್ಮ ವಿಧಾನಸಭೆಗೆ ಮುಖ್ಯಮಂತ್ರಿಯೂ ಸೇರಿ 34 ಮಂದಿ. ಯಾವ ಪಕ್ಷದಿಂದ ಗೆದ್ದರೋ ಆ ಪಕ್ಷವನ್ನು ತೊರೆದವರಿಗೆ 1985ರಲ್ಲಿ ಬಂದ ಪಕ್ಷಾಂತರ ನಿಷೇಧದ ನಿಯಮದಂತೆ ಶಾಸಕ ಸ್ಥಾನ ಉಳಿಯುವುದಿಲ್ಲ. ತೆರವಾದ ಸ್ಥಾನಕ್ಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಚುನಾವಣೆ ನಡೆಸಬೇಕು, ಅದನ್ನು ನಡೆಸುವುದು ಸರ್ಕಾರವಲ್ಲ, ಸ್ವತಂತ್ರವಾದ ಚುನಾವಣಾ ಆಯೋಗ. ಹೀಗೆ ಮುಖ್ಯಮಂತ್ರಿ ಕೈಬಿಟ್ಟ ವ್ಯಕ್ತಿಯ ಭವಿಷ್ಯ ಕೊನೆಗೆ ಮತದಾರರ ಕೈಗೆ ಬಂತು.

ಆ ತೀರ್ಪೂ ಶಾಶ್ವತವಲ್ಲ. ಈ ಎರಡೂ ತಾಲ್ಲೂಕುಗಳು ಮೈಸೂರು ಜಿಲ್ಲೆಯವಾದರೂ ಲೋಕಸಭೆಗೆ ಚಾಮರಾಜನಗರ ಕ್ಷೇತ್ರಕ್ಕೆ ಸೇರಿವೆ. 2019ರಲ್ಲಿ ಅಲ್ಲಿ ಶ್ರೀನಿವಾಸ ಪ್ರಸಾದ್ 1,817 ಮತಗಳಿಂದ ಗೆದ್ದರು. ಸೋತವರು ಆರ್. ಧ್ರುವನಾರಾಯಣ, 2004ರಲ್ಲಿ ಸಂತೇಮರಹಳ್ಳಿಯಿಂದ ಒಂದೇ ಒಂದು ಮತದಿಂದ ವಿಧಾನಸಭೆಗೆ ಆಯ್ಕೆಯಾಗಿದ್ದವರು. ಒಂದು ಮತಕ್ಕೆ ಎಷ್ಟು ಬೆಲೆ ಎಂದು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅರಿಕೆಯಿಂದ ಅಧಿಕಾರಕ್ಕೆ

ಮತಕ್ಕೆ ಈ ಬೆಲೆ ತಾನಾಗಿ ಬಂದದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಆರಂಭಿಸಿದಾಗ ಸೇರಿದವರು 144 ಮಂದಿ. ದೇಶದಲ್ಲೇ ಅದು ಮುಂಚೂಣಿಯ ಪ್ರಯೋಗ. ಪ್ರತಿನಿಧಿಗಳು ಕುಂದುಕೊರತೆ ಹೇಳಿಕೊಳ್ಳಬಹುದಿತ್ತು, ದಿವಾನರನ್ನು ಕೆಳಗಿಳಿಸುವಂತಿರಲಿಲ್ಲ. ದಿವಾನರು ಉತ್ತರ ಹೇಳಬೇಕಾದದ್ದು ಮಹಾರಾಜರಿಗೆ. 1947ರ ಮೈಸೂರು ಚಲೋ ಚಳವಳಿಯ ಒತ್ತಡಕ್ಕೆ ಅರಮನೆ ಮಣಿದು, ಆ ವರ್ಷದ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ನೇತೃತ್ವದ ಜವಾಬ್ದಾರಿ ಸರ್ಕಾರ ಬಂತು. 1949ರ ನವೆಂಬರ್ 25ರಂದು ಮಹಾರಾಜರು ಭಾರತದ ಸಂವಿಧಾನವನ್ನು ಒಪ್ಪಿ ಘೋಷಣೆ ಹೊರಡಿಸಿದರು. ಉತ್ತರ ಹೇಳಬೇಕಾದ ದಿಕ್ಕು ಅರಮನೆಯಿಂದ ಜನರ ಕಡೆಗೆ ತಿರುಗಿದ್ದೇ ಆ ವರ್ಷಗಳ ದೊಡ್ಡ ಬದಲಾವಣೆ.

ಹೊಳೆಗೂ ಕಾನೂನು

ನಂಜುಂಡೇಶ್ವರನ ಸನ್ನಿಧಿಯ ಪಕ್ಕದಲ್ಲಿ ಹರಿಯುವ ಕಪಿಲೆ, ಅಂದರೆ ಕಬಿನಿ, ಟಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕಾವೇರಿ ಸೇರಿ ತಮಿಳುನಾಡಿಗೆ ಇಳಿಯುತ್ತದೆ. ನೀರು ರಾಜ್ಯಪಟ್ಟಿಯ ವಿಷಯವಾದರೂ ಅಂತರರಾಜ್ಯ ನದಿಗಳ ನಿಯಂತ್ರಣ ಸಂಸತ್ತಿನ ಕೈಯಲ್ಲಿದೆ. 262ನೇ ವಿಧಿಯಂತೆ ಬಂದ 1956ರ ಕಾಯ್ದೆಯಡಿ 1990ರಲ್ಲಿ ಕಾವೇರಿ ನ್ಯಾಯಾಧಿಕರಣ ರಚನೆಯಾಯಿತು, 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಅಡಿ ಹೆಚ್ಚಿಸಿ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ಪ್ರಮಾಣವನ್ನು 177.25 ಟಿಎಂಸಿ ಅಡಿಗೆ ಇಳಿಸಿತು. ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಬಂತು. ಭತ್ತದ ಗದ್ದೆ ಒಣಗುವಾಗ ನೀರು ಬಿಡಿ ಎಂಬ ಆದೇಶ ಕೇಳುವುದು ಕಬಿನಿ ಅಚ್ಚುಕಟ್ಟಿನ ರೈತನಿಗೆ ಸಂಕಟದ ಮಾತೇ. ಆದರೂ ಬಲವಿದ್ದವನು ನೀರು ಹಿಡಿದಿಟ್ಟುಕೊಳ್ಳುವ ವ್ಯವಸ್ಥೆಗಿಂತ, ಎರಡೂ ಕಡೆಯ ವಾದ ಕೇಳಿ ಲೆಕ್ಕ ಹಾಕುವ ವ್ಯವಸ್ಥೆಯೇ ಮೇಲು.

ಸಮಾಜಕ್ಕೂ ಅಂಕೆ

ಸಂವಿಧಾನ ಅಂಕೆ ಹಾಕುವುದು ಸರ್ಕಾರಕ್ಕೆ ಮಾತ್ರವಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಅದೇ ಊರಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಲ್ಲೇ ಮೂವರು ದಲಿತರ ಕೊಲೆಯಾಯಿತು. ಅಸ್ಪೃಶ್ಯತೆಯನ್ನು ಅಳಿಸಿಹಾಕಿದ 17ನೇ ವಿಧಿ ಆಗಲೇ ನಾಲ್ಕು ದಶಕ ಹಳೆಯದಾಗಿತ್ತು. ಪುಸ್ತಕದಲ್ಲಿರುವ ಹಕ್ಕನ್ನು ಊರ ಬೀದಿಗೆ ತರುವ ಕೆಲಸ ಪೊಲೀಸ್, ನ್ಯಾಯಾಲಯ, ನೆರೆಹೊರೆ ಎಲ್ಲರದೂ. ಇಂದು ನಂಜನಗೂಡು, ಟಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಶತಮಾನಗಳ ಕಾಲ ಹೊರಗೆ ನಿಲ್ಲಿಸಲ್ಪಟ್ಟವರು ಕಾನೂನು ರಚಿಸುವ ಸದನದ ಒಳಗೆ ಕೂರಲೇಬೇಕೆಂದು ಸಂವಿಧಾನ ಮಾಡಿದ ಏರ್ಪಾಡು ಇದು.

ಖಾಲಿ ಉಳಿದ ಮೆಟ್ಟಿಲು

ರಾಜ್ಯ ಸರ್ಕಾರಗಳಿಗೆ ಸಂವಿಧಾನ ಕೊಟ್ಟ ರಕ್ಷಣೆಯೂ ಕನ್ನಡ ನೆಲದ ಪ್ರಕರಣದಿಂದಲೇ ಗಟ್ಟಿಯಾಯಿತು. ಬಹುಮತವನ್ನು ಸದನದಲ್ಲೇ ಪರೀಕ್ಷಿಸಬೇಕು ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಮೊಕದ್ದಮೆಯಲ್ಲಿ. ಕೇಂದ್ರ ತಮ್ಮನ್ನು ವಜಾ ಮಾಡಬಾರದೆಂದು ಆ ತೀರ್ಪನ್ನು ನೆನೆಯುವ ರಾಜ್ಯಗಳು, ತಮಗಿಂತ ಕೆಳಗಿನ ಸರ್ಕಾರಗಳ ವಿಷಯದಲ್ಲಿ ಅದೇ ಗೌರವ ತೋರಬೇಕಲ್ಲವೇ?

ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು ಎನ್ನುತ್ತದೆ 243ಇ ವಿಧಿ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿಯ ನೆಪದಲ್ಲಿ ವರ್ಷಗಳೇ ಉರುಳಿದವು; ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂದ ಮೇಲೂ ಆಡಳಿತಾಧಿಕಾರಿಗಳೇ ಮುಂದುವರಿದರು. ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ದೇಶಕ್ಕೇ ಪಂಚಾಯತ್ ರಾಜ್ ಪಾಠ ಹೇಳಿದ ರಾಜ್ಯಕ್ಕೆ ಇದು ತಲೆತಗ್ಗಿಸುವ ಸಂಗತಿ.

ಸಂವಿಧಾನದ ಪೀಠಿಕೆಯನ್ನು ಶಾಲೆಗಳಲ್ಲಿ ಓದಿಸುವುದು ಒಳ್ಳೆಯ ಕೆಲಸ. ಅದನ್ನು ಓದಿದ ಮಕ್ಕಳ ಊರಿನಲ್ಲಿ ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸುವುದು ಅದಕ್ಕಿಂತ ಮೊದಲ ಕರ್ತವ್ಯ. ಯಾವ ಪಕ್ಷದವರು ಮತ ಕೇಳಲು ಬಂದರೂ, ತಾಲ್ಲೂಕು ಪಂಚಾಯಿತಿಗೆ ಐದು ವರ್ಷಕ್ಕೊಮ್ಮೆ ತಪ್ಪದೆ ಚುನಾವಣೆ ನಡೆಸುತ್ತೀರಾ ಎಂದು ಮತದಾರರು ಮೊದಲು ಕೇಳಬೇಕು.