ಪ್ಲಾಸ್ಟಿಕ್ ಸರ್ಜನ್ನರ ಆಯ್ಕೆ: ಸುಶ್ರುತರ ಒರೆಗಲ್ಲು

ಪ್ಲಾಸ್ಟಿಕ್ ಸರ್ಜರಿ ಎಂದೊಡನೆ ಚಿತ್ರತಾರೆಯರ ಮೂಗು, ತುಟಿಗಳೇ ಬಹುಜನರ ಕಣ್ಮುಂದೆ ಬರುತ್ತವೆ. ಆದರೆ ಸೀಳುತುಟಿಯೊಡನೆ ಜನಿಸಿದ ಶಿಶು, ಸುಟ್ಟ ಗಾಯ ಮಾಯ್ದ ಮೇಲೆ ಕತ್ತು ಹೊರಳಿಸಲಾಗದ ಗೃಹಿಣಿ, ಒಕ್ಕಣೆ ಯಂತ್ರಕ್ಕೆ ಬೆರಳು ಸಿಲುಕಿಸಿಕೊಂಡ ರೈತ, ಬಾಯಿಯ ಕ್ಯಾನ್ಸರಿನಿಂದ ದವಡೆ ಕಳೆದುಕೊಂಡ ರೋಗಿ, ಇವರೆಲ್ಲರಿಗೂ ಆಸರೆಯಾಗಿರುವುದು ಇದೇ ಶಾಸ್ತ್ರ. ದೇಹದೊಳಗೆ ಪ್ಲಾಸ್ಟಿಕ್ ಇಡುತ್ತಾರೆಂಬುದು ಈ ಹೆಸರಿನ ಅರ್ಥವಲ್ಲ. ‘ರೂಪ ಕೊಡುವುದು’ ಎಂಬರ್ಥದ ಗ್ರೀಕ್ ಪದದಿಂದ ಅದು ಬಂದಿದೆ.

ರೂಪ ಕೊಡುವ ಕೈ ಯೋಗ್ಯವಾಗಿರದಿದ್ದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಯೋಗ್ಯರ ಕೈಯಲ್ಲಿಯೂ ಅಪಾಯ ಪೂರ್ತಿ ಇಲ್ಲವಾಗುವುದಿಲ್ಲ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳುವ ಶಸ್ತ್ರಕ್ರಿಯೆಯ ಬಳಿಕ ಕಿರುತೆರೆಯ ಯುವನಟಿಯೊಬ್ಬರು ಅಸುನೀಗಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆದುದರಿಂದ ವೈದ್ಯರನ್ನು ಆರಿಸುವ ಮುನ್ನ ವಿಚಾರಿಸುವುದು ಅವರಿಗೆ ತೋರುವ ಅಗೌರವವಲ್ಲ. ಅದು ರೋಗಿಯ ಮತ್ತು ಮನೆಯವರ ಕರ್ತವ್ಯ.

ಈ ಶಾಸ್ತ್ರದ ಬೇರು ನಮ್ಮ ನೆಲದಲ್ಲಿಯೇ ಇದೆ. ಹರಿದ ಕಿವಿಯ ಹಾಲೆಯನ್ನು ಜೋಡಿಸುವ, ಕತ್ತರಿಸಿದ ಮೂಗನ್ನು ಮರಳಿ ರೂಪಿಸುವ ವಿಧಾನಗಳನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. 1792ರ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಬಂಡಿ ಹೊಡೆಯುವವನಿಗೆ ಪುಣೆಯ ಬಳಿ ದೇಶೀಯ ಚಿಕಿತ್ಸಕರೊಬ್ಬರು ಹಣೆಯ ಚರ್ಮದಿಂದ ಮೂಗು ಕಟ್ಟಿಕೊಟ್ಟರು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಸಚಿತ್ರವಾಗಿ ಪ್ರಕಟಿಸಿತು. ಅದರಿಂದ ಪ್ರೇರಿತರಾದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಕ್ರಮವನ್ನು ಅನುಸರಿಸಿದರು.

ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಫಲಕದ ಮೇಲೆ ಸುಶ್ರುತರ ಚಿತ್ರ ಬರೆಸಿದ ಮಾತ್ರಕ್ಕೆ ಯಾರೂ ಶಸ್ತ್ರವೈದ್ಯರಾಗುವುದಿಲ್ಲ. ಶಾಸ್ತ್ರವನ್ನು ಓದಿ ಅದರ ಅರ್ಥವನ್ನು ಗ್ರಹಿಸಿರಬೇಕು, ಕ್ರಿಯೆಗಳನ್ನು ಕಣ್ಣಾರೆ ಕಂಡಿರಬೇಕು, ಕೈಯಾರೆ ಅಭ್ಯಾಸ ಮಾಡಿರಬೇಕು, ರಾಜನ ಅನುಮತಿ ಪಡೆದಿರಬೇಕು. ಆಮೇಲೆಯೇ ವೈದ್ಯನು ವೃತ್ತಿಗಿಳಿಯಬೇಕೆಂದು ಸ್ವತಃ ಸುಶ್ರುತರೇ ವಿಧಿಸಿದ್ದಾರೆ. ಕುಂಬಳಕಾಯಿ, ಸೋರೆಕಾಯಿಗಳ ಮೇಲೆ ಛೇದನವನ್ನು ಅಭ್ಯಸಿಸಬೇಕೆಂದೂ ಹೇಳಿದ್ದಾರೆ. ಇಂದಿನ ವೈದ್ಯರನ್ನು ಪರೀಕ್ಷಿಸಲು ನಮಗೆ ಇದೇ ಒರೆಗಲ್ಲು ಸಾಕು.

ಮೊದಲನೆಯದು ಓದು. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ನಂತರ ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಮೂರು ವರ್ಷ, ಅನಂತರ ಪ್ಲಾಸ್ಟಿಕ್ ಸರ್ಜರಿಯಲ್ಲಿ ಮೂರು ವರ್ಷ ಕಲಿತವರಿಗೆ ಎಂ.ಸಿಎಚ್. ಅಥವಾ ಡಿ.ಎನ್.ಬಿ. (ಈಗ ಡಿಆರ್.ಎನ್.ಬಿ.) ಪದವಿ ದೊರೆಯುತ್ತದೆ. ಎಂ.ಬಿ.ಬಿ.ಎಸ್. ಬಳಿಕ ನೇರವಾಗಿ ಆರು ವರ್ಷ ಕಲಿಯುವ ಮಾರ್ಗವೂ ಉಂಟು. ‘ಕಾಸ್ಮೆಟಾಲಜಿಸ್ಟ್’ ಎಂಬ ಬಿರುದಾಗಲಿ, ಕೆಲವು ವಾರಗಳ ತರಬೇತಿಯ ಪ್ರಮಾಣಪತ್ರವಾಗಲಿ ಇದಕ್ಕೆ ಸಮನಲ್ಲ. ಚರ್ಮರೋಗ ತಜ್ಞರು ಕೂದಲು ಕಸಿಯನ್ನೂ, ಮುಖ-ದವಡೆಯ ಶಸ್ತ್ರಚಿಕಿತ್ಸೆ ಕಲಿತ ದಂತವೈದ್ಯರು ದವಡೆಯ ಚಿಕಿತ್ಸೆಯನ್ನೂ, ಕಿವಿ-ಮೂಗು-ಗಂಟಲು ತಜ್ಞರು ಮೂಗಿನ ಶಸ್ತ್ರಕ್ರಿಯೆಯನ್ನೂ ತಮ್ಮ ತರಬೇತಿಯ ಮಿತಿಯಲ್ಲಿ ಮಾಡುತ್ತಾರೆ. ನನ್ನಂಥ ಬಿ.ಎ.ಎಂ.ಎಸ್. ಪದವೀಧರರು ಇದಕ್ಕೆ ಅರ್ಹರಲ್ಲ ಎಂಬುದನ್ನೂ ಇಲ್ಲಿ ನಿಸ್ಸಂಕೋಚವಾಗಿ ಹೇಳಬೇಕು. ನಮ್ಮವರಾರಾದರೂ ಮೂಗು ತಿದ್ದುತ್ತೇನೆ, ಹೊಟ್ಟೆ ಕರಗಿಸುತ್ತೇನೆ ಎಂದು ಶಸ್ತ್ರ ಹಿಡಿದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು ರಾಜಾನುಮತಿ. ಇಂದು ಅದರ ಸ್ಥಾನದಲ್ಲಿರುವುದು ನೋಂದಣಿ. ಆಧುನಿಕ ವೈದ್ಯರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ಪರಿಷತ್ತಿನಲ್ಲಿ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ತಾಳೆ ನೋಡಬಹುದು. ಹೆಸರಷ್ಟೇ ಅಲ್ಲ, ಹೇಳಿಕೊಂಡ ಉನ್ನತ ಪದವಿಯೂ ದಾಖಲಾಗಿದೆಯೇ ಎಂದು ವಿಚಾರಿಸಿ. ಖಾಸಗಿ ಆಸ್ಪತ್ರೆಯು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣುತ್ತಿರಬೇಕು.

ಮೂರನೆಯದು ಕೈಪಳಗು. ಕೂದಲು ಕಸಿಯಂಥ ಸೌಂದರ್ಯ ಚಿಕಿತ್ಸೆಗಳನ್ನು ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತರೆ ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಎಚ್ಚರಿಸಿದೆ. ಆದ್ದರಿಂದ ಈ ಪ್ರಶ್ನೆಗಳನ್ನು ಕೇಳಿ: ಇದೇ ಶಸ್ತ್ರಕ್ರಿಯೆಯನ್ನು ತಾವು ಎಷ್ಟು ಬಾರಿ ಮಾಡಿದ್ದೀರಿ? ಶಸ್ತ್ರ ಹಿಡಿಯುವವರು ತಾವೇ, ಸಹಾಯಕರೇ? ಅರಿವಳಿಕೆ ಕೊಡಲು ತಜ್ಞರು ಇರುತ್ತಾರೆಯೇ? ರಕ್ತಸ್ರಾವವಾದರೆ, ಉಸಿರಾಟಕ್ಕೆ ತೊಂದರೆಯಾದರೆ ತೀವ್ರ ನಿಗಾ ಘಟಕ ಇಲ್ಲಿಯೇ ಇದೆಯೇ? ಫಲ ಸರಿಬಾರದಿದ್ದರೆ ಮುಂದೇನು, ಅದರ ಖರ್ಚು ಯಾರದು? ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿಕೊಂಡು, ಮನೆಯವರೊಡನೆ ಚರ್ಚಿಸಿದ ಮೇಲೆಯೇ ಸಹಿ ಹಾಕಿ.

ಇವೆಲ್ಲವುಗಳಿಗಿಂತ ಸೂಕ್ಷ್ಮವಾದ ಲಕ್ಷಣವೊಂದಿದೆ. ನಂಬಿಕೆಗೆ ಅರ್ಹರಾದ ವೈದ್ಯರು ‘ಬೇಡ’ ಎನ್ನಬಲ್ಲರು. ‘ಇದು ನಿಮಗೆ ಅಗತ್ಯವಿಲ್ಲ’, ‘ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ’, ‘ಕಲೆ ಪೂರ್ತಿ ಹೋಗದು’ ಎಂದು ಸತ್ಯ ನುಡಿಯುತ್ತಾರೆ. ಕೊಬ್ಬು ಹೀರುವ ಶಸ್ತ್ರಕ್ರಿಯೆ ಬೊಜ್ಜಿಗೆ ಮದ್ದಲ್ಲ, ಅದು ದೇಹದ ಆಕಾರವನ್ನಷ್ಟೇ ತಿದ್ದುತ್ತದೆ ಎಂದು ತಿಳಿಸುತ್ತಾರೆ. ನೂರಕ್ಕೆ ನೂರು ಫಲದ ಭರವಸೆ, ‘ಇಂದೇ ಮುಂಗಡ ಕಟ್ಟಿದರೆ ರಿಯಾಯಿತಿ’ ಎಂಬ ಅವಸರ, ಅಪಾಯವೇ ಇಲ್ಲವೆಂಬ ಮಾತು ಇವು ವ್ಯಾಪಾರದ ಲಕ್ಷಣಗಳು. ಮದುವೆಯ ದಿನ ಸಮೀಪಿಸಿದೆಯೆಂದು ಹೆಣ್ಣುಮಕ್ಕಳನ್ನು ಇಂಥ ಅವಸರಕ್ಕೆ ದೂಡುವುದು ಸಲ್ಲದು. ಹುಟ್ಟಿನಿಂದಲೋ ಸುಟ್ಟ ಗಾಯದಿಂದಲೋ ಬಂದ ವಿರೂಪವಿದ್ದರೆ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಗಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಆಯುರ್ವೇದ ವೈದ್ಯನಾಗಿ ಕೊನೆಯದಾಗಿ ಒಂದು ಮಾತು. ಶಸ್ತ್ರಕ್ರಿಯೆಗೆ ಮುನ್ನ, ತಾವು ಸೇವಿಸುವ ಕಷಾಯ, ಲೇಹ್ಯ, ಗುಳಿಗೆಗಳನ್ನೆಲ್ಲ ಸರ್ಜನ್ನರಿಗೆ ತಿಳಿಸಿರಿ. ‘ಗಿಡಮೂಲಿಕೆ ತಾನೇ’ ಎಂದು ಮುಚ್ಚಿಡಬೇಡಿ. ಕೆಲವು ಮೂಲಿಕೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲವು. ಹೃದ್ರೋಗಕ್ಕೆಂದು ಕೊಟ್ಟಿರುವ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಲೂಬೇಡಿ, ವೈದ್ಯರನ್ನು ಕೇಳಿ. ಬೀಡಿ, ಸಿಗರೇಟು, ತಂಬಾಕುಗಳನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಇಲ್ಲದಿದ್ದರೆ ಜೋಡಿಸಿದ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದೆ ಅದು ಕೊಳೆಯಬಹುದು.

ಒಂದು ಎತ್ತು ಕೊಳ್ಳುವಾಗಲೂ ಹಲ್ಲು ನೋಡಿ, ನಡೆಸಿ ನೋಡಿ, ನಾಲ್ವರನ್ನು ಕೇಳುವ ಜನ ನಾವು. ಮಗುವಿನ ಮುಖವನ್ನು ಒಬ್ಬರ ಕೈಗೆ ಒಪ್ಪಿಸುವಾಗ ಅಷ್ಟಾದರೂ ವಿಚಾರಿಸೋಣ. ಯೋಗ್ಯ ವೈದ್ಯರು ನಮ್ಮ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.