ಕಥೆ ಅವರದು, ಟೈಮ್ ಚಾನೆಲ್‌ನದು: ಸೀರಿಯಲ್ ನಿರ್ಮಾಪಕರ ಕೆಲಸ ಏನು?

ಜೈನಾಪುರ: ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಎಲ್ಲರ ಮನೆಯಲ್ಲೂ ಸೀರಿಯಲ್. ಅದರಲ್ಲಿ 'ನಿರ್ಮಾಪಕ' ಅಂತ ಒಂದು ಹೆಸರು ಬರುತ್ತೆ. ಅವರ ಕೆಲಸ ಏನು? ಟಿ.ಎನ್. ಸೀತಾರಾಮ್ ಅವರನ್ನೇ ನೋಡಿ.

ದೊಡ್ಡಬಳ್ಳಾಪುರ ಕಡೆಯವರು, ಓದಿದ್ದು ಕಾನೂನು. ನಾಟಕ ಬರೆದರು, ಲಂಕೇಶರ 'ಪಲ್ಲವಿ' ಸಿನಿಮಾದಲ್ಲಿ ನಾಯಕರಾದರು. ಮನೆಮಾತಾಗಿದ್ದು ಮಾತ್ರ 1998ರ 'ಮಾಯಾಮೃಗ'ದಿಂದ. ಆಮೇಲೆ 'ಮನ್ವಂತರ', 'ಮುಕ್ತ'. ಅತ್ತೆ-ಸೊಸೆ ಜಗಳದ ಜಾಗಕ್ಕೆ ಕೋರ್ಟು, ರಾಜಕೀಯ ತಂದರು. ವಕೀಲ ಸಿಎಸ್‌ಪಿ ಪಾತ್ರ ತಾವೇ ಮಾಡಿದರು. ಭೈರಪ್ಪನವರ ಕಾದಂಬರಿ ಆಧರಿಸಿದ ಅವರ 'ಮತದಾನ' ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಆದರೆ ಬರೆದರಷ್ಟೇ ಮುಗಿಯಲ್ಲ. ಕಲಾವಿದರ ಸಂಭಾವನೆ, ಕ್ಯಾಮೆರಾ ಬಾಡಿಗೆ, ಸೆಟ್‌ನಲ್ಲಿ ಊಟ, ಎಲ್ಲಾ ದಿನಾ ಹೊಂದಿಸೋದು ನಿರ್ಮಾಪಕರೇ. ಸಾಮಾನ್ಯವಾಗಿ ಎಪಿಸೋಡ್‌ಗೆ ಇಷ್ಟು ಅಂತ ಚಾನೆಲ್ ಕೊಡುತ್ತೆ. ಯಾವ ಹೊತ್ತಿಗೆ ಹಾಕಬೇಕು, ಎಷ್ಟು ದಿನ ನಡೆಸಬೇಕು ಅನ್ನೋದೂ ಚಾನೆಲ್ ಕೈಯಲ್ಲೇ. ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡೋರಿಗೆ ಇದು ಬಿಡಿಸಿ ಹೇಳಬೇಕಿಲ್ಲ: ಸರಕು ನಮ್ಮದು, ಜಾಗ ಅವರದು.

2018ರಲ್ಲಿ ಶುರುವಾದ 'ಮಗಳು ಜಾನಕಿ' 2020ರ ಲಾಕ್‌ಡೌನ್‌ ಹೊತ್ತಲ್ಲಿ ನಿಂತೇ ಹೋಯ್ತು. ಶೂಟಿಂಗ್ ಬಂದ್, ಜಾಹೀರಾತೂ ಕಡಿಮೆ. ಕಥೆ ಇನ್ನೂ ಬಾಕಿ ಇತ್ತು.