ನಿಮಗಿದು ಗೊತ್ತೆ? ತೊಗರಿ ಕಟ್ಟಿಗೆಯ ಇಂಗಾಲದ ಲೆಕ್ಕ

ಬೆಳೆಯ ಉಳಿಕೆಯಿಂದ ಮಾಡಿದ ಇಂಧನ ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್, ಗಿಡ ಬೆಳೆಯುವಾಗ ಗಾಳಿಯಿಂದಲೇ ಹೀರಿಕೊಂಡದ್ದು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಇಂಥ ಉಳಿಕೆಗೆ, ಅದನ್ನು ಸಂಗ್ರಹಿಸುವ ಹಂತದವರೆಗೆ, ಹಸಿರುಮನೆ ಅನಿಲದ ಲೆಕ್ಕ ಶೂನ್ಯ. ಲೆಕ್ಕವನ್ನು ಅಲ್ಲಿಗೇ ಬಿಟ್ಟರೆ ಸಿಗುವುದು ಅರ್ಧ ಸತ್ಯ.

ಇಂಧನಕ್ಕೆ ಹೋಗದಿದ್ದರೆ ಆ ಉಳಿಕೆ ಏನಾಗುತ್ತಿತ್ತು ಎಂಬುದೇ ಮುಖ್ಯ ಪ್ರಶ್ನೆ. 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ರಾಶಿ ಮುಗಿದ ಮೇಲೆ ಕಟ್ಟಿಗೆ ಉಳಿಯುತ್ತದೆ. ಹೊಲದಲ್ಲೇ ಸುಡುವ ಕಟ್ಟಿಗೆಯನ್ನು ಬ್ರಿಕೆಟ್ (ಒತ್ತಿ ಮಾಡಿದ ಇಂಧನದ ಇಟ್ಟಿಗೆ) ಮಾಡಿ ಕಲ್ಲಿದ್ದಲಿನ ಬದಲು ಉರಿಸಿದರೆ ಲಾಭ ಸ್ಪಷ್ಟ. ಅದೇ ಕಟ್ಟಿಗೆ ಬಡವರ ಒಲೆಯ ಉರುವಲಾಗಿದ್ದರೆ ಆ ಮನೆಗಳು ಬೇರೆ ಸೌದೆ ಹುಡುಕಬೇಕು. ಆ ಹೊರೆಯನ್ನು ಬಿಟ್ಟ ಲೆಕ್ಕ ಲೆಕ್ಕವೇ ಅಲ್ಲ. ಕಲಬುರಗಿ ಜಿಲ್ಲೆಯ ಕಮಲಾಪುರದ ಹೊಲದಿಂದ ಕಲಬುರಗಿ ನಗರಕ್ಕೆ ಕಟ್ಟಿಗೆ ಸಾಗಿಸಲು ಬೇಕಾಗುವ ಡೀಸೆಲ್ ಕೂಡ ಲೆಕ್ಕಕ್ಕೆ ಸೇರಬೇಕು. ಮಣ್ಣಿಗೆ ಮರಳಬೇಕಿದ್ದ ಸಾರಜನಕದ ಬದಲಿಗೆ ಯೂರಿಯಾ ಹಾಕಿದರೆ ನೈಟ್ರಸ್ ಆಕ್ಸೈಡ್ ಹೊಮ್ಮುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಹೆಚ್ಚು ತಾಪಕಾರಿ.

ಎಲ್ಲ ಉಳಿಕೆಗೂ ಒಂದೇ ದಾರಿ ಹೊಂದುವುದಿಲ್ಲ. ಕಮಲಾಪುರದ ಕೆಂಪು ಬಾಳೆಯ ದಿಂಡಿನಲ್ಲಿ ಬಹುಪಾಲು ನೀರು. ಒಣಗಿಸಿ ಉರಿಸುವುದಕ್ಕಿಂತ ಅದು ಜೈವಿಕ ಅನಿಲ ತಯಾರಿಕೆಗೆ ಹೊಂದುತ್ತದೆ. ಅಲ್ಲಿ ಉಳಿಯುವ ಬಗ್ಗಡ ಗೊಬ್ಬರವಾಗಿ ತೋಟಕ್ಕೆ ಮರಳಬಲ್ಲದು. ಜೈವಿಕ ಅನಿಲದಲ್ಲಿರುವ ಮೀಥೇನ್, ಅದೂ ಹಸಿರುಮನೆ ಅನಿಲವೇ, ಸೋರಿದರೆ ಮಾತ್ರ ಲಾಭ ಬೇಗ ಕರಗುತ್ತದೆ.